ಜಾಹೀರಾತು ಸಂಸ್ಥೆಯೊಂದರ ದಾಖಲೆಗಳು ಮತ್ತು ಅದರ ಚರಿತ್ರೆ: ಒಂದು ವಿಮರ್ಶೆ

ಶಾಸನ, ಬಖೈರು, ಪ್ರವಾಸಿಗಳ ವೃತ್ತಾಂತ ಮೊದಲಾದ ಆಕರಗಳನ್ನು ಪರೀಕ್ಷಿಸದೆ ಅಂಗೀಕರಿಸಬಾರದೆಂಬ ಪಾಠವನ್ನು ಇತಿಹಾಸದ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿಯೇ ಕಲಿಯುತ್ತಾರೆ. ವ್ಯಾಪಾರ ಸಂಸ್ಥೆಗಳು ಬಿಟ್ಟುಹೋಗಿರುವ ಕಾಗದಪತ್ರಗಳ ವಿಷಯದಲ್ಲಿ ಅಷ್ಟೇ ಎಚ್ಚರಿಕೆ ಕಾಣಬರುವುದಿಲ್ಲ. ಲೆಕ್ಕದ ಪುಸ್ತಕಕ್ಕೆ ಪಕ್ಷಪಾತವಿಲ್ಲವೆಂಬ ನಂಬಿಕೆ ಇದಕ್ಕೆ ಕಾರಣವಾಗಿರಬಹುದು. ಅದರಲ್ಲಿಯೂ ಜಾಹೀರಾತು ಸಂಸ್ಥೆಯ ದಾಖಲೆಗಳು ವಿಶೇಷವಾದ ಪರೀಕ್ಷೆಯನ್ನು ಬೇಡುತ್ತವೆ. ಏಕೆಂದರೆ ಕೇಳುವವರನ್ನು ಒಪ್ಪಿಸುವುದೇ ಆ ಸಂಸ್ಥೆಯ ವೃತ್ತಿ. ಅಮೆರಿಕಾ ದೇಶದ ಎನ್. ಡಬ್ಲ್ಯು. ಏಯರ್ ಅಂಡ್ ಸನ್ ಎಂಬ ಸಂಸ್ಥೆಯ ದಾಖಲೆಗಳನ್ನೂ ಅದರ ಲಿಖಿತ ಚರಿತ್ರೆಯನ್ನೂ ನಿದರ್ಶನವಾಗಿ ಇಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿಚಾರಿಸಬಯಸುತ್ತೇವೆ.

ಈ ಸಂಸ್ಥೆಯು 1869ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸ್ಥಾಪಿತವಾಯಿತು. ಸ್ಥಾಪಕನಾದ ಫ್ರಾನ್ಸಿಸ್ ವೇಲೆಂಡ್ ಏಯರನಿಗೆ ಆಗ 21 ವರ್ಷ. ಮೂಲ ಬಂಡವಾಳ 250 ಡಾಲರು. ಸ್ಥಾಪಿಸಿದವನು ಮಗನಾದರೂ ತಂದೆಯಾದ ನೇಥನ್ ವೀಲರ್ ಏಯರನ ಹೆಸರನ್ನು ಮುಂದಿಟ್ಟು 'ಏಯರ್ ಮತ್ತು ಮಗ' ಎಂದು ನಾಮಕರಣ ಮಾಡಲಾಯಿತು. ತಲೆಮಾರುಗಳಿಂದ ನಡೆದುಬಂದ ವ್ಯಾಪಾರವೆಂಬ ಭಾವನೆಯನ್ನು ಈ ಹೆಸರೇ ಓದುಗರಲ್ಲಿ ಹುಟ್ಟಿಸುತ್ತದೆ. ಮೊದಲಲ್ಲಿ ಕೆಲವು ಧಾರ್ಮಿಕ ಪತ್ರಿಕೆಗಳಿಗೆ ಜಾಹೀರಾತು ಒದಗಿಸುವುದೇ ಇದರ ಕೆಲಸವಾಗಿತ್ತು. ಅನಂತರ ಅಮೆರಿಕಾದ ಅಗ್ರಗಣ್ಯ ಜಾಹೀರಾತು ಸಂಸ್ಥೆಗಳಲ್ಲಿ ಒಂದಾಗಿ ಬೆಳೆದು, 2002ರಲ್ಲಿ ಮುಚ್ಚಿತು. ಅದರ ದಾಖಲೆಗಳು ಈಗ ವಾಷಿಂಗ್ಟನ್ನಿನಲ್ಲಿ, ಸ್ಮಿತ್ಸೋನಿಯನ್ ಸಂಸ್ಥೆಗೆ ಸೇರಿದ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಪತ್ರಾಗಾರದಲ್ಲಿವೆ.

ಸಂಸ್ಥೆಯ ಚರಿತ್ರೆಯನ್ನು ಬರೆದವರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ರಾಲ್ಫ್ ಹೋವರ್ ಅವರು. 1869ರಿಂದ 1939ರವರೆಗಿನ 70 ವರ್ಷಗಳ ಕಥನವಾದ ಈ ಗ್ರಂಥವು 1939ರಲ್ಲಿ ಪ್ರಕಟವಾಗಿ, 1949ರಲ್ಲಿ ಪರಿಷ್ಕೃತವಾಯಿತು. ಗ್ರಂಥದ ಗುಣವನ್ನು ಮೊದಲು ಹೇಳುವುದು ನ್ಯಾಯ. ಹೋವರ್ ಅವರು ವ್ಯಕ್ತಿಗಳ ಸ್ತುತಿಗಿಂತ ಕೆಲಸದ ಕ್ರಮಕ್ಕೆ ಹೆಚ್ಚು ಗಮನ ಕೊಟ್ಟಿದ್ದಾರೆ. ಉದಾಹರಣೆಗೆ 1879ರಲ್ಲಿ ನಿಕೋಲ್ಸ್-ಶೆಪರ್ಡ್ ಎಂಬ ಒಕ್ಕಣೆ ಯಂತ್ರದ ತಯಾರಕರು ಜಾಹೀರಾತಿನ ಯೋಜನೆಯನ್ನು ಕೇಳಿದಾಗ, ಏಯರ್ ಸಂಸ್ಥೆಯು ನಾನಾ ರಾಜ್ಯಗಳ ಅಧಿಕಾರಿಗಳಿಗೂ ಪತ್ರಿಕಾ ಪ್ರಕಾಶಕರಿಗೂ ತಂತಿ ಕಳುಹಿಸಿ, ಎಲ್ಲೆಲ್ಲಿ ಎಷ್ಟು ಧಾನ್ಯ ಬೆಳೆಯುತ್ತದೆ, ಅಲ್ಲಿ ಯಾವ ಪತ್ರಿಕೆಗಳಿವೆ ಎಂಬ ವಿವರಗಳನ್ನು ಸಂಗ್ರಹಿಸಿತು. ಮಾರುಕಟ್ಟೆಯ ಸಮೀಕ್ಷೆಗೆ ಇದು ಅತಿ ಪ್ರಾಚೀನ ನಿದರ್ಶನಗಳಲ್ಲಿ ಒಂದು. ಕಚೇರಿಯ ಒಳಗಿನ ಇಂಥ ವಿವರಗಳು ಸಂಸ್ಥೆಯ ದಾಖಲೆಗಳಿಲ್ಲದಿದ್ದರೆ ನಮಗೆ ದೊರೆಯುತ್ತಿರಲಿಲ್ಲ.

ಆದರೆ ಕಚೇರಿಯ ಕಿಟಕಿಯಿಂದ ನೋಡಿದ ಚರಿತ್ರೆಗೆ ಅದರದೇ ಆದ ಮಿತಿಯುಂಟು. 1875-76ರಲ್ಲಿ ಏಯರ್ ಸಂಸ್ಥೆಯು ಜಾರಿಗೆ ತಂದ 'ಮುಕ್ತ ಕರಾರು' ಈ ಚರಿತ್ರೆಯ ಪ್ರಮುಖ ಘಟ್ಟ. ಅದಕ್ಕೆ ಮೊದಲು ಜಾಹೀರಾತಿನ ಏಜೆಂಟನು ಪತ್ರಿಕೆಯಿಂದ ಸ್ಥಳವನ್ನು ಒಂದು ಬೆಲೆಗೆ ಕೊಂಡು, ವರ್ತಕನಿಗೆ ಮತ್ತೊಂದು ಬೆಲೆಗೆ ಮಾರುತ್ತಿದ್ದನು. ನಡುವಣ ಲಾಭ ಎಷ್ಟೆಂಬುದು ವರ್ತಕನಿಗೆ ತಿಳಿಯುತ್ತಿರಲಿಲ್ಲ. ಮುಕ್ತ ಕರಾರಿನಲ್ಲಿ ಪತ್ರಿಕೆಗೆ ಸಂದ ನಿಜವಾದ ಬೆಲೆಯನ್ನು ವರ್ತಕನಿಗೆ ತಿಳಿಸಿ, ಅದರ ಮೇಲೆ ಗೊತ್ತಾದ ಕಮಿಷನ್ ಪಡೆಯುವ ಏರ್ಪಾಡಾಯಿತು. ಏಜೆಂಟನು ಪತ್ರಿಕೆಯ ಕಡೆಯಿಂದ ವರ್ತಕನ ಕಡೆಗೆ ಬಂದು ನಿಂತನು. ಇದು ಪ್ರಾಮಾಣಿಕತೆಯ ಕಡೆಗೆ ಇಟ್ಟ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ವರ್ತಕನು ಹೆಚ್ಚು ಖರ್ಚು ಮಾಡಿದಷ್ಟೂ ಏಜೆಂಟನ ಕಮಿಷನ್ ಹೆಚ್ಚುವುದು ಎಂಬ ಅಂಶ ಅದರಲ್ಲಿಯೇ ಅಡಗಿತ್ತು. ಖರ್ಚು ಸಾರ್ಥಕವಾಯಿತೆಂದು ವರ್ತಕನಿಗೆ ಮನವರಿಕೆ ಮಾಡಿಕೊಡುವುದು ಅಂದಿನಿಂದ ಏಜೆಂಟನ ನಿತ್ಯದ ಅಗತ್ಯವಾಯಿತು. ದಾಖಲೆಗಳಲ್ಲಿರುವ ವರದಿಗಳನ್ನು ಓದುವಾಗ ಈ ಅಗತ್ಯವನ್ನು ಮರೆಯತಕ್ಕದ್ದಲ್ಲ.

ಪತ್ರಾಗಾರದ ಬಹುಭಾಗ ಜಾಹೀರಾತುಗಳ ಅಚ್ಚಿನ ಪ್ರತಿಗಳು. ಇವುಗಳ ಜೊತೆಗೆ ವ್ಯವಹಾರದ ಪತ್ರಗಳೂ ಹಳೆಯ ನೌಕರರ ಸಂದರ್ಶನಗಳೂ ಇವೆ. ಅಚ್ಚಿನ ಪ್ರತಿಯೊಂದು ಯಾವುದಕ್ಕೆ ಪ್ರಮಾಣ? ಇಂಥ ವರ್ತಕನು ಇಂಥ ಮಾತನ್ನು ಇಂಥ ಚಿತ್ರದೊಡನೆ ಹೇಳಬಯಸಿದನೆಂಬುದಕ್ಕೆ ಅದು ದೃಢವಾದ ಪ್ರಮಾಣ. ಓದಿದವರು ಅದನ್ನು ನಂಬಿದರೆ, ನಕ್ಕರೆ, ಪುಟ ತಿರುವಿದರೆ ಎಂಬುದಕ್ಕೆ ಅದರಲ್ಲಿ ಯಾವ ಪ್ರಮಾಣವೂ ಇಲ್ಲ. ಆದರೂ ಜಾಹೀರಾತಿನಿಂದ ಸಮಾಜದ ಮನಸ್ಸನ್ನು ಊಹಿಸುವ ಲೇಖನಗಳು ವಿರಳವಲ್ಲ.

ವಜ್ರದ ಪ್ರಕರಣದಿಂದ ಇದು ಸ್ಪಷ್ಟವಾಗುತ್ತದೆ. ದಕ್ಷಿಣ ಆಫ್ರಿಕಾದ ಡಿ ಬೀರ್ಸ್ ಸಂಸ್ಥೆಯು 1938ರಲ್ಲಿ ಏಯರ್ ಸಂಸ್ಥೆಯನ್ನು ಆಶ್ರಯಿಸಿತು. ವಜ್ರವು ಶಾಶ್ವತವೆಂಬ ಅರ್ಥದ ಪ್ರಸಿದ್ಧ ವಾಕ್ಯವನ್ನು 1947ರಲ್ಲಿ ರಚಿಸಿದವರು ಏಯರ್ ಸಂಸ್ಥೆಯಲ್ಲಿ ಬರವಣಿಗೆಯ ಕೆಲಸದಲ್ಲಿದ್ದ ಫ್ರಾನ್ಸಿಸ್ ಗೆರೆಟಿ ಎಂಬ ಮಹಿಳೆ. ನಿಶ್ಚಿತಾರ್ಥಕ್ಕೆ ವಜ್ರದ ಉಂಗುರವೆಂಬ ಅಮೆರಿಕನ್ ರೂಢಿಯನ್ನು ಈ ಪ್ರಚಾರವೇ ನಿರ್ಮಿಸಿತೆಂದು ಇಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಇದಕ್ಕೆ ಆಧಾರವೇನು? 1938ರಿಂದ ವಜ್ರದ ಮಾರಾಟವು ಶೇಕಡಾ 55ರಷ್ಟು ಹೆಚ್ಚಿತೆಂದು 1941ರಲ್ಲಿ ಏಯರ್ ಸಂಸ್ಥೆಯು ಡಿ ಬೀರ್ಸ್‌ಗೆ ವರದಿ ಮಾಡಿತು. ಎಡ್ವರ್ಡ್ ಜೇ ಎಪ್‌ಸ್ಟೀನ್ ಅವರು 1982ರಲ್ಲಿ 'ದಿ ಅಟ್ಲಾಂಟಿಕ್' ಪತ್ರಿಕೆಯ ಲೇಖನದಲ್ಲಿ ಇದನ್ನು ಪ್ರಸ್ತಾಪಿಸಿದ ಮೇಲೆ ಈ ಅಂಕಿ ಬಹಳ ಪ್ರಚಾರಕ್ಕೆ ಬಂದಿತು.

ಅಂಕಿ ಸರಿಯಾಗಿಯೇ ಇರಲಿ, ಕಾರಣವನ್ನು ಪರೀಕ್ಷಿಸೋಣ. 1937-38ರಲ್ಲಿ ಅಮೆರಿಕಾದ ಆರ್ಥಿಕ ಸ್ಥಿತಿ ತೀವ್ರವಾಗಿ ಕುಸಿದಿತ್ತು. ಅಂತಹ ವರ್ಷದಿಂದ ಎಣಿಕೆಯನ್ನು ಆರಂಭಿಸಿದರೆ ಯಾವ ಸರಕಿನ ಮಾರಾಟವಾದರೂ ಏರಿದಂತೆಯೇ ಕಾಣುವುದು. 1940-41ರಲ್ಲಿ ಯುದ್ಧಸಿದ್ಧತೆಯಿಂದ ಉದ್ಯೋಗವೂ ವರಮಾನವೂ ಹೆಚ್ಚಿದುವು. 1940ರ ಸೆಪ್ಟೆಂಬರಿನಲ್ಲಿ ಕಡ್ಡಾಯ ಸೈನ್ಯಭರ್ತಿಯ ಕಾನೂನು ಬಂದ ಕಾಲದಲ್ಲಿ ವಿವಾಹಗಳೂ ಹೆಚ್ಚಿದುವು: 1938ರಲ್ಲಿ ಸುಮಾರು 13.3 ಲಕ್ಷ ವಿವಾಹಗಳಾಗಿದ್ದರೆ, 1941ರಲ್ಲಿ ಸುಮಾರು 17 ಲಕ್ಷ. ಕೊಳ್ಳುವ ವಜ್ರವೆಲ್ಲ ಮದುವೆಗೇ ಅಲ್ಲವಾದ್ದರಿಂದ ಲೆಕ್ಕ ಸ್ಥೂಲವಾದುದು; ಆದರೂ ಮದುವೆಗೆ ಇಷ್ಟೆಂದು ಹಂಚಿ ನೋಡಿದರೆ ಶೇಕಡಾ 55ರ ಏರಿಕೆಯು ಶೇಕಡಾ 20ರ ಆಸುಪಾಸಿಗೆ ಇಳಿಯುತ್ತದೆ. ಅದರಲ್ಲಿ ವರಮಾನದ ಏರಿಕೆಯ ಪಾಲನ್ನು ಕಳೆದ ಮೇಲೆ ಉಳಿಯುವುದನ್ನು ಮಾತ್ರ ಜಾಹೀರಾತಿನ ಲೆಕ್ಕಕ್ಕೆ ಬರೆಯಬಹುದು.

ಮತ್ತೊಂದು ದಿಕ್ಕಿನಿಂದಲೂ ಆಕ್ಷೇಪ ಬಂದಿದೆ. ವಿವಾಹದ ಮಾತು ಕೊಟ್ಟು ತಪ್ಪಿದವನ ಮೇಲೆ ಪರಿಹಾರಕ್ಕಾಗಿ ದಾವಾ ಹೂಡುವ ಹಕ್ಕನ್ನು 1935ರಲ್ಲಿ ಇಂಡಿಯಾನಾ ರಾಜ್ಯವು ರದ್ದುಮಾಡಿತು. ಬೇರೆ ರಾಜ್ಯಗಳೂ ಅದನ್ನು ಅನುಸರಿಸಿದುವು. ನ್ಯಾಯಾಲಯದ ರಕ್ಷಣೆ ತಪ್ಪಿದ ಮೇಲೆ ಬೆಲೆಬಾಳುವ ಉಂಗುರವೇ ಹೆಣ್ಣಿಗೆ ಜಾಮೀನಾಯಿತೆಂದೂ, ಉಂಗುರದ ಬೇಡಿಕೆ ಪ್ರಚಾರಕ್ಕಿಂತ ಮೊದಲೇ ಏರತೊಡಗಿತ್ತೆಂದೂ ಮಾರ್ಗರೆಟ್ ಬ್ರಿನಿಗ್ ಅವರು 1990ರಲ್ಲಿ ವಾದಿಸಿದರು. ಈ ವಾದವೇ ಪೂರ್ಣ ಸತ್ಯವೆಂದು ನಾವು ಹೇಳುವುದಿಲ್ಲ. ಆದರೆ ಇಂಥ ಕಾರಣವೊಂದು ಜಾಹೀರಾತು ಸಂಸ್ಥೆಯ ವರದಿಗಳನ್ನು ಮಾತ್ರ ಓದಿದವರಿಗೆ ಎಂದಿಗೂ ಹೊಳೆಯುವಂತಿಲ್ಲ. ಅದಕ್ಕೆ ಕಾನೂನಿನ ಗ್ರಂಥಗಳನ್ನು ನೋಡಬೇಕು.

ಹಾಗಾದರೆ ಇಂತಹ ಪತ್ರಾಗಾರವು ನಿರುಪಯುಕ್ತವೇ? ಖಂಡಿತವಾಗಿಯೂ ಅಲ್ಲ. ಕರ್ನಾಟಕದ ಇತಿಹಾಸವನ್ನು ಓದಿದವರಿಗೆ ಇಲ್ಲಿ ಒಂದು ಪರಿಚಿತ ಮಾರ್ಗವಿದೆ. ಶಾಸನದ ಪ್ರಶಸ್ತಿಭಾಗವನ್ನೂ ದಾನಭಾಗವನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಕ್ರಿ. ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯು ತನ್ನ ದೊರೆಯಾದ ಇಮ್ಮಡಿ ಪುಲಕೇಶಿಯು ಹರ್ಷನನ್ನು ಸೋಲಿಸಿದನೆಂದು ಹೊಗಳಿದ್ದಾನೆ. ಆಸ್ಥಾನಕವಿಯ ಈ ಮಾತಿಗೆ ಬಲ ಬಂದದ್ದು, ಹರ್ಷನ ಆಶ್ರಯದಲ್ಲಿದ್ದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನೂ ಹರ್ಷನಿಗೆ ಈ ನಾಡನ್ನು ಗೆಲ್ಲಲಾಗಲಿಲ್ಲವೆಂದು ಬರೆದಿರುವುದರಿಂದ. ಏಯರ್ ಸಂಸ್ಥೆಯ ವರದಿಗಳು ಪ್ರಶಸ್ತಿಯ ಜಾತಿಗೆ ಸೇರಿದವು. ಕರಾರು, ದರ, ಅಚ್ಚಿನ ಪ್ರತಿ, ಲೆಕ್ಕ ಇವು ದಾನಭಾಗದ ಜಾತಿಗೆ. ಎರಡನೆಯದನ್ನು ಹೆಚ್ಚು ಧೈರ್ಯದಿಂದ ಬಳಸಬಹುದು. ಮೊದಲನೆಯದಕ್ಕೆ ಹೊರಗಿನ ಸಾಕ್ಷಿ ದೊರೆಯುವವರೆಗೆ ತೀರ್ಪನ್ನು ತಡೆಹಿಡಿಯಬೇಕು.

ಕೊನೆಯದಾಗಿ ನಮ್ಮ ಗ್ರಂಥಾಲಯಗಳಿಗೆ ಸಂಬಂಧಪಟ್ಟ ಮಾತೊಂದನ್ನು ಸೂಚಿಸುತ್ತೇವೆ. ಹಳೆಯ ಮಾಸಪತ್ರಿಕೆಗಳನ್ನು ಸಂಪುಟವಾಗಿ ಹೊಲಿಸುವಾಗ ರಕ್ಷಾಪುಟಗಳನ್ನೂ ಜಾಹೀರಾತಿನ ಹಾಳೆಗಳನ್ನೂ ಕಳಚಿಹಾಕುವ ಪದ್ಧತಿ ಅನೇಕ ಕಡೆ ಇದೆ. ಜಾಹೀರಾತು ಸಂಸ್ಥೆಯು ತನ್ನ ಪ್ರತಿಯನ್ನು ಕಾಪಾಡಿಕೊಂಡು ಪತ್ರಿಕೆಯ ಪ್ರತಿ ನಾಶವಾದರೆ, ಮುಂದಿನ ಇತಿಹಾಸಕಾರನಿಗೆ ಒಂದೇ ಕಕ್ಷಿಯ ಸಾಕ್ಷ್ಯ ಮಾತ್ರ ಉಳಿಯುವುದು. ಜಾಹೀರಾತು ಯಾವ ಲೇಖನದ ಮಗ್ಗುಲಲ್ಲಿ, ಯಾವ ಬೆಲೆಯ ಪತ್ರಿಕೆಯಲ್ಲಿ, ಯಾವ ಸುದ್ದಿಯ ದಿನ ಓದುಗರ ಕೈಸೇರಿತೆಂಬುದನ್ನು ಆ ಹಾಳೆಗಳಿಂದ ಮಾತ್ರ ತಿಳಿಯಬಹುದು. ಕಾಲೇಜು ಗ್ರಂಥಾಲಯಗಳ ಅಧಿಕಾರಿಗಳು ಅವುಗಳನ್ನು ಸಂಪುಟದಲ್ಲಿಯೇ ಉಳಿಸಬೇಕೆಂದೂ, ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ಅವುಗಳ ಪಟ್ಟಿಯನ್ನು ಮಾಡಿಸಬೇಕೆಂದೂ ಪ್ರಾರ್ಥಿಸುತ್ತೇವೆ.