ಬರಿಗೈ ಕಾಲದ ಸೊನ್ನೆಗಳು

1964ರ ಮದ್ರಾಸ್ ಟೆಸ್ಟ್‌ನಲ್ಲಿ ಸತತ 21 ಮೇಡನ್ ಓವರ್ ಹಾಕಿದ ಬಾಪು ನಾಡಕರ್ಣಿ ನಮ್ಮವರಿಗೆ ಗೊತ್ತು. ಬೇಸ್‌ಬಾಲ್‌ನ ಶಟ್‌ಔಟ್ ರುಚಿ ಹತ್ತಲು ಆ ನೆನಪೇ ಸಾಕು. ಒಬ್ಬನೇ ಪಿಚರ್ ಇಡೀ ಪಂದ್ಯ ಎಸೆದು, ಎದುರಾಳಿಗೆ ಒಂದು ರನ್ನೂ ಬಿಟ್ಟುಕೊಡದಿರುವುದೇ ಶಟ್‌ಔಟ್.

ಮೊದಮೊದಲು ಇದು ಎಷ್ಟು ಅಪರೂಪವಾಗಿತ್ತೆಂದರೆ, 1870ರ ಜುಲೈಯಲ್ಲಿ ನ್ಯೂಯಾರ್ಕ್‌ನ ಮ್ಯೂಚುವಲ್ಸ್ ತಂಡದ ರೈನಿ ವೋಲ್ಟರ್ಸ್ ಶಿಕಾಗೊವನ್ನು 9–0ರಿಂದ ಸೋಲಿಸಿದ ಮೇಲೆ, ಸೊನ್ನೆಗೆ ಸೋತವರನ್ನೆಲ್ಲ ‘ಶಿಕಾಗೊ ಆದರು’ ಎಂದೇ ಪತ್ರಿಕೆಗಳು ಆಡಿಕೊಂಡವು. ಅದಕ್ಕೆ ಕಾರಣವೂ ಇತ್ತು. ಫೀಲ್ಡರುಗಳದು ಬರಿಗೈ. ಮುಂದೆ ಗ್ಲೌಸ್ ಬಂದಾಗಲೂ ಅದು ಬೆರಳು ಕತ್ತರಿಸಿದ ತೆಳು ಚರ್ಮವಷ್ಟೆ. ಮೈದಾನ ಉಬ್ಬುತಗ್ಗು. ಪಿಚರ್ ಎಷ್ಟೇ ಚೆನ್ನಾಗಿ ಎಸೆದರೂ ಯಾರದೋ ಕೈಯಿಂದ ಚೆಂಡು ಜಾರಿದರೆ ಸೊನ್ನೆ ಕೆಟ್ಟಿತು! ಸಾಲದ್ದಕ್ಕೆ 1886ರವರೆಗೂ ಚೆಂಡು ಮೇಲೆ ಬರಲಿ, ಕೆಳಗೆ ಬರಲಿ ಎಂದು ಬ್ಯಾಟರ್ ಕೇಳಿ ಪಡೆಯಬಹುದಿತ್ತು.

ಇಂಥ ಕಾಲದಲ್ಲಿ ಬ್ರೂಕ್ಲಿನ್‌ನ ಮಿಕ್ಕಿ ವೆಲ್ಷ್ 41, ಟಿಮ್ ಕೀಫ್ 39 ಶಟ್‌ಔಟ್ ಗಳಿಸಿದರು. ಇಬ್ಬರೂ 1880ರಲ್ಲಿ ಟ್ರಾಯ್ ತಂಡದಲ್ಲಿ ಆಟ ಶುರುಮಾಡಿ, ಆ ತಂಡ ಮುಚ್ಚಿದ ಮೇಲೆ ನ್ಯೂಯಾರ್ಕ್‌ಗೆ ಬಂದವರು. ಪಡ್ ಗ್ಯಾಲ್ವಿನ್ ಲೆಕ್ಕದಲ್ಲಿ ಇವರಿಗಿಂತ ಮುಂದೆ, ನಿಜ. 1876ರ ಒಂದೇ ಋತುವಿನಲ್ಲಿ ಸೇಂಟ್ ಲೂಯಿಸ್‌ನ ಜಾರ್ಜ್ ಬ್ರಾಡ್ಲಿ 16 ಶಟ್‌ಔಟ್ ಮಾಡಿದ್ದೂ ನಿಜ. ಆದರೆ ಬ್ರಾಡ್ಲಿ ಎಸೆದದ್ದು 45 ಅಡಿಯಿಂದ. ಐದು ವರ್ಷದ ಬಳಿಕ ಪಿಚರ್ 50 ಅಡಿಗೆ ಸರಿಯಬೇಕಾಯಿತು.

ನನ್ನ ಮಟ್ಟಿಗೆ ರಸದೌತಣವೆಂದರೆ 1885. ಸೆಂಟ್ರಲ್ ಪಾರ್ಕಿನ ಉತ್ತರಕ್ಕಿದ್ದ ಹಳೆಯ ಪೋಲೊ ಗ್ರೌಂಡ್ಸ್‌ನಲ್ಲಿ ಇಬ್ಬರೂ ಸರದಿಯ ಮೇಲೆ ಎಸೆದರು. ವೆಲ್ಷ್ 44 ಪಂದ್ಯ ಗೆದ್ದು 11 ಸೋತರೆ, ಕೀಫ್ 32 ಗೆದ್ದು 13 ಸೋತರು. ತಲಾ ಏಳು ಶಟ್‌ಔಟ್. ಕೀಫ್ ಆಯುಧ ವೇಗವಲ್ಲ, ಅದೇ ಕೈಬೀಸಿನಲ್ಲಿ ಹೊರಬರುವ ನಿಧಾನದ ಚೆಂಡು. ಬ್ಯಾಟರ್ ಬೀಸಿ ಮುಗಿಸಿದ ಮೇಲೆ ಚೆಂಡು ಬರುವುದು! ಇಷ್ಟಾಗಿಯೂ ಕಿರೀಟ ದಕ್ಕಲಿಲ್ಲ. ನ್ಯೂಯಾರ್ಕ್ 85 ಗೆದ್ದರೆ ಶಿಕಾಗೊ 87 ಗೆದ್ದಿತು. ಕೀಫ್ ಎಂಟು ಶಟ್‌ಔಟ್‌ಗಳೊಡನೆ 35 ಪಂದ್ಯ ಗೆದ್ದ 1888ರಲ್ಲಷ್ಟೇ ಪ್ರಶಸ್ತಿ ಮನೆಗೆ ಬಂತು.

ಇಂದು ಆರೇಳು ಇನಿಂಗ್ಸ್‌ಗೇ ಪಿಚರನ್ನು ಬದಲಿಸುತ್ತಾರೆ. ವೆಲ್ಷ್ ತಾನು ಆರಂಭಿಸಿದ 549 ಪಂದ್ಯಗಳಲ್ಲಿ 525ನ್ನು ತಾನೇ ಮುಗಿಸಿದವರು. ಅಂಥವರನ್ನು ಹಾಲ್ ಆಫ್ ಫೇಮ್ ಗುರುತಿಸಿದ್ದು 1973ರಲ್ಲಿ, ಸತ್ತು 32 ವರ್ಷವಾದ ಮೇಲೆ. ತಡವಾಯಿತು, ತೀರಾ ತಡವಾಯಿತು.