ಯಾವುದು ನೀರು, ಯಾವುದು ಜಲ?

ನಾರ್ಮನ್ ಲೂಯಿಸ್ ಅವರ ‘ವರ್ಡ್ ಪವರ್ ಮೇಡ್ ಈಸಿ’ ನಿಮ್ಮ ಮನೆಯ ಕಪಾಟಿನಲ್ಲೂ ಇರಬಹುದು. 1949ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಈ ಪುಸ್ತಕ ಬೆಂಗಳೂರಿನ ಫುಟ್‌ಪಾತ್‌ಗಳಲ್ಲಿ ಇವತ್ತಿಗೂ ಸಿಗುತ್ತೆ. ಜಿಆರ್‌ಇಗೆ ಅಂತ ಅಲ್ಲಿ ಕೊಂಡದ್ದು ಎಷ್ಟೋ ಜನರ ಸೂಟ್‌ಕೇಸಲ್ಲಿ ಫ್ರೀಮಾಂಟ್, ಸನ್ನಿವೇಲ್ ತನಕ ಬಂದಿದೆ. ಅದನ್ನು ಮತ್ತೆ ತೆರೆಯುವ ಮುಂಚೆ, ಅದು ಏನು ಕಲಿಸುತ್ತೆ, ಏನು ಕಲಿಸಲ್ಲ ಅಂತ ನೋಡೋಣ.

ಮೊದಲು ಅದರ ಗುಣ. ಲೂಯಿಸ್ ನಿಮ್ಮ ಕೈಲಿ ಪಟ್ಟಿ ಉರು ಹೊಡೆಸಲ್ಲ. ಗ್ರೀಕ್, ಲ್ಯಾಟಿನ್ ಮೂಲಗಳನ್ನು ಹಿಡಿದು ಪದಗಳ ಗುಂಪು ಕಟ್ಟುತ್ತಾರೆ. ದ್ವೇಷ ಅನ್ನೋ ಅರ್ಥದ ಒಂದು ಗ್ರೀಕ್ ಮೂಲ ಗೊತ್ತಾದರೆ ಮಿಸಾಂತ್ರೋಪ್, ಮಿಸಾಜಿನಿಸ್ಟ್, ಮಿಸಾಗಮಿಸ್ಟ್ ಮೂರೂ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ: ಮನುಷ್ಯರನ್ನು, ಹೆಂಗಸರನ್ನು, ಮದುವೆಯನ್ನು ದ್ವೇಷಿಸುವವರು. ದೂರದರ್ಶನ, ದೂರವಾಣಿ ಬಿಡಿಸಿ ಓದಿದವರಿಗೆ ಇದು ಹೊಸ ವಿದ್ಯೆ ಏನಲ್ಲ. ಓದುವಾಗ ಇದು ನಿಜಕ್ಕೂ ಕೈ ಹಿಡಿಯುತ್ತೆ.

ತೊಂದರೆ ಶುರುವಾಗೋದು ಬರೆಯುವಾಗ. ಪುಸ್ತಕದಲ್ಲಿ ಉದಾಹರಣೆ ವಾಕ್ಯಗಳೇ ಇಲ್ಲ ಅಂತಲ್ಲ. ಆದರೆ ಅಭ್ಯಾಸಗಳ ಒತ್ತು ಇರೋದು ಪದಕ್ಕೆ ಅರ್ಥ ಹೊಂದಿಸೋದರಲ್ಲಿ, ಅರ್ಥ ಕೊಟ್ಟರೆ ಪದ ನೆನಪಿಸಿಕೊಳ್ಳೋದರಲ್ಲಿ. ಆ ಪದ ಯಾವ ಪದಗಳ ಪಕ್ಕ ಕೂರುತ್ತೆ, ಎಂಥ ಸಂದರ್ಭಕ್ಕೆ ಒಗ್ಗುತ್ತೆ ಅನ್ನೋದು ನಿಮ್ಮ ಪಾಲಿಗೆ ಬಿಟ್ಟದ್ದು.

ಇದು ಎಷ್ಟು ದೊಡ್ಡ ಕೊರತೆ ಅಂತ ಕನ್ನಡದಲ್ಲೇ ನೋಡಿ. ನೀರು, ಜಲ: ನಿಘಂಟಿನಲ್ಲಿ ಅರ್ಥ ಒಂದೇ. ಆದರೆ ಹೋಟೆಲಲ್ಲಿ ‘ಒಂದು ಲೋಟ ಜಲ ಕೊಡಿ’ ಅಂದರೆ ನಗ್ತಾರೆ. ಜೋಗಕ್ಕೆ ‘ನೀರುಪಾತ’ ಅಂತಲೂ ಯಾರೂ ಅನ್ನಲ್ಲ. ಕೇಳು, ಪ್ರಶ್ನಿಸು, ವಿಚಾರಣೆ ಮಾಡು: ಒಂದೊಂದು ಮೆಟ್ಟಿಲು ಹತ್ತಿದ ಹಾಗೆ ಮಾತು ಬಿಗಿಯಾಗುತ್ತೆ. ಇಂಗ್ಲಿಷ್‌ನ ಆಸ್ಕ್, ಕ್ವೆಶ್ಚನ್, ಇಂಟರಾಗೇಟ್ ಥೇಟ್ ಹೀಗೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು, ಜೊತೆಗೆ ಲ್ಯಾಟಿನ್ ಪದಗಳು, ಅಲ್ಲಿನ ಮಣ್ಣಿನ ಪದಗಳ ಮೇಲೆ ಪದರವಾಗಿ ಕೂತವು. ನಮ್ಮಲ್ಲಿ ಸಂಸ್ಕೃತ ಕೂತ ಹಾಗೆ. ಈ ಎರಡು ಪದರಗಳನ್ನು ಕಂಡಕಂಡಲ್ಲಿ ಬೆರೆಸಬೇಡಿ ಅಂತ 9ನೇ ಶತಮಾನದ ಕವಿರಾಜಮಾರ್ಗವೇ ಎಚ್ಚರಿಸಿತ್ತು.

ಹಾಗಾಗಿ ಸಹೋದ್ಯೋಗಿಗೆ ಬರೆಯೋ ಮೇಲ್‌ನಲ್ಲಿ ‘ಸ್ಟಾರ್ಟ್’ ಬದಲು ‘ಕಮೆನ್ಸ್’, ‘ಯೂಸ್’ ಬದಲು ‘ಯುಟಿಲೈಜ್’ ಹಾಕಿದರೆ ಪಾಂಡಿತ್ಯ ಕಾಣಲ್ಲ. ‘ಜಲ ಕೊಡಿ’ ಅಂದ ಹಾಗೆ ಕೇಳಿಸುತ್ತೆ. ಎಷ್ಟೋ ಸಲ ನಿಮ್ಮ ಮುಖ ನೋಡದೆ, ನೀವು ಬರೆದ ಡಾಕ್ಯುಮೆಂಟ್ ಮಾತ್ರ ಓದಿ ನಿಮ್ಮ ಯೋಚನೆಯನ್ನು ಅಳೆಯುವ ಬೇ ಏರಿಯಾದಲ್ಲಿ ಇದು ಸಣ್ಣ ಸಂಗತಿಯಲ್ಲ.

ಪರೀಕ್ಷೆ ನಡೆಸುವವರೂ ದಾರಿ ಬದಲಿಸಿದ್ದಾರೆ. 2011ರ ಆಗಸ್ಟ್‌ನಿಂದ ಜಿಆರ್‌ಇಯಲ್ಲಿ ಬಿಡಿ ವಿರುದ್ಧಪದಗಳ ಪ್ರಶ್ನೆ ಇಲ್ಲ. ಪದವನ್ನು ವಾಕ್ಯದೊಳಗೆ ಕೂರಿಸಬೇಕು. ನನ್ನ ಕಸುಬಿನಿಂದ ಇನ್ನೊಂದು ಸಾಕ್ಷಿ: 2013ರಲ್ಲಿ ಗೂಗಲ್‌ನ ತೊಮಾಸ್ ಮಿಕೊಲೊವ್ ಮತ್ತು ಸಂಗಡಿಗರು ಪ್ರಕಟಿಸಿದ ವರ್ಡ್‌ಟುವೆಕ್‌ಗೆ ಯಾರೂ ನಿಘಂಟು ಓದಿಸಲಿಲ್ಲ. ರಾಶಿ ರಾಶಿ ವಾಕ್ಯಗಳಲ್ಲಿ ಯಾವ ಪದದ ಅಕ್ಕಪಕ್ಕ ಯಾವ ಪದ ಬರುತ್ತೆ ಅನ್ನೋದರಿಂದಲೇ ಅದು ಪದಗಳ ನಂಟನ್ನು ಗುರುತಿಸಿತು.

ಲೂಯಿಸ್ ಪುಸ್ತಕ ಬಿಸಾಡಿ ಅಂತ ನಾನು ಹೇಳಲ್ಲ. ಓದೋಕೆ ಅದನ್ನು ಬಳಸಿ. ಬರೆಯೋಕೆ ಬೇರೆ ನೋಟ್‌ಬುಕ್ ಇಡಿ: ಹೊಸ ಪದ ಕಂಡಾಗ ಅರ್ಥ ಒಂದನ್ನೇ ಬರೀಬೇಡಿ, ಅದು ಬಂದ ಇಡೀ ವಾಕ್ಯ ಬರ್ಕೊಳ್ಳಿ. ಮೂರು ಬೇರೆ ಬೇರೆ ಕಡೆ ಸಿಕ್ಕ ಮೇಲೆ ನಿಮ್ಮ ಬರಹದಲ್ಲಿ ಬಳಸಿ. ಇಲ್ಲೇ ಹುಟ್ಟಿ ಬೆಳೆದು ಈಗ ಕನ್ನಡ ಕಲೀತಿರೋರಿಗೂ ಇದೇ ಮಾತು. ಆಸ್ಕ್ ಎಲ್ಲಿ, ಇಂಟರಾಗೇಟ್ ಎಲ್ಲಿ ಅಂತ ನಿಮ್ಮ ಕಿವಿಗೆ ಆಗಲೇ ಗೊತ್ತು. ಅದೇ ಕಿವಿಯನ್ನು ಕನ್ನಡಕ್ಕೂ ಕೊಡಿ. ಯಾವುದು ನೀರು, ಯಾವುದು ಜಲ ಅಂತ ತಾನಾಗೇ ಕೇಳಿಸೋಕೆ ಶುರುವಾಗುತ್ತೆ.