ಪರದೆಯ ಕನ್ನಡ: ಊರಹೆಸರು, ವಿಭಕ್ತಿ ಮತ್ತು ಒಳಗೊಳ್ಳುವ ವಿನ್ಯಾಸ

ಜಾಲತಾಣ ಮತ್ತು ಆ್ಯಪ್‌ಗಳ ವಿನ್ಯಾಸವು ಎಲ್ಲರನ್ನೂ ಒಳಗೊಳ್ಳಬೇಕೆಂಬ ಚರ್ಚೆ ಬಹುಮಟ್ಟಿಗೆ ಅಕ್ಷರದ ಗಾತ್ರ, ಬಣ್ಣಗಳ ಅಂತರ, ಕೀಲಿಮಣೆಯ ಬಳಕೆ ಇವುಗಳ ಸುತ್ತ ನಡೆದಿದೆ. ಇವೆಲ್ಲ ಅಗತ್ಯವಾದವುಗಳೇ. ಆದರೆ ಭಾಷೆಯ ವಿಷಯದಲ್ಲಿ ಮಾನದಂಡಗಳು ತೋರುವ ಆದ್ಯತೆ ಪ್ರಶ್ನಾರ್ಹವಾಗಿದೆ. 2023ರ ಡಬ್ಲ್ಯುಸಿಎಜಿ 2.2ರಲ್ಲಿ ಪುಟದ ಭಾಷೆ ಯಾವುದೆಂದು ಯಂತ್ರಕ್ಕೆ ತಿಳಿಸುವುದು 'ಎ' ಹಂತದ ಷರತ್ತು. ಪುಟದೊಳಗಿನ ಅನ್ಯಭಾಷಾ ಭಾಗಗಳನ್ನು ಗುರುತಿಸುವುದು 'ಎಎ' ಹಂತದ್ದು. ಬರಹವು ಪ್ರೌಢಶಾಲೆಯ ಆರಂಭದ ತರಗತಿಗಳಷ್ಟು ಓದಿದವರಿಗೆ ಅರ್ಥವಾಗಬೇಕೆಂಬುದು ಮಾತ್ರ 'ಎಎಎ' ಹಂತಕ್ಕೆ ಸೇರಿದೆ. ಭಾರತ ಸರ್ಕಾರದ ಜಾಲತಾಣ ಮಾರ್ಗಸೂಚಿ ಅಪೇಕ್ಷಿಸುವುದು 'ಎಎ' ಹಂತವನ್ನು. ಎಂದರೆ ಭಾಷೆಯ ಹೆಸರು ಹೇಳುವುದು ಕಡ್ಡಾಯ, ಭಾಷೆ ತಿಳಿಯುವಂತಿರುವುದು ಐಚ್ಛಿಕ.

ಈ ವ್ಯತ್ಯಾಸದ ಪರಿಣಾಮವನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಇಲ್ಲಿ ಅನೇಕರ ಮನೆಮಾತು ತುಳು, ಬ್ಯಾರಿ ಅಥವಾ ಕೊಂಕಣಿ. ಕನ್ನಡ ಶಾಲೆಯಲ್ಲಿ ಕಲಿತ ಭಾಷೆ. 'ಕನ್ನಡ' ಎಂಬ ಆಯ್ಕೆಯನ್ನು ಒತ್ತಿದವರೆಲ್ಲ ಆ ಭಾಷೆಯೊಡನೆ ಒಂದೇ ಬಗೆಯ ಸಂಬಂಧ ಉಳ್ಳವರಲ್ಲ.

ಮೊದಲನೆಯದು ಊರಹೆಸರಿನ ಸಮಸ್ಯೆ. ಮೂಡುಬಿದಿರೆ, ಮೂಡಬಿದಿರೆ, ಮೂಡಬಿದ್ರಿ ಎಂಬ ರೂಪಗಳು ಬರಹದಲ್ಲಿವೆ. ತುಳುವಿನಲ್ಲಿ ಅದು ಬೆದ್ರ. ಬೆಳ್ತಂಗಡಿ ತುಳುವರ ಬಾಯಲ್ಲಿ ಬೊಳ್ತೇರ್. ಒಂದೇ ಕಾಗುಣಿತವನ್ನು ಬಲ್ಲ ಹುಡುಕುಪೆಟ್ಟಿಗೆ 'ಫಲಿತಾಂಶವಿಲ್ಲ' ಎಂದಾಗ, ತಪ್ಪು ತನ್ನದೇ ಎಂದು ಬಳಕೆದಾರ ಭಾವಿಸುತ್ತಾನೆ. ವಾಸ್ತವದಲ್ಲಿ ಕೊರತೆಯಿರುವುದು ದತ್ತಾಂಶವನ್ನು ಸಿದ್ಧಪಡಿಸಿದವರ ಭಾಷಾಜ್ಞಾನದಲ್ಲಿ.

ಎರಡನೆಯದು ವಿಭಕ್ತಿ. ಇಂಗ್ಲಿಷಿನಲ್ಲಿ ಹೆಸರು ಬದಲಾಗದೆ ಉಪಸರ್ಗ ಅದರ ಹಿಂದೆ ನಿಲ್ಲುತ್ತದೆ. ಖಾಲಿ ಜಾಗದಲ್ಲಿ ಯಾವ ಊರನ್ನು ಇಟ್ಟರೂ ವಾಕ್ಯ ಕೆಡುವುದಿಲ್ಲ. ಕನ್ನಡದಲ್ಲಿ ಬೆಳ್ತಂಗಡಿಗೆ, ಮೂಡುಬಿದಿರೆಗೆ ಎಂದಾಗುವುದು ಬಂಟ್ವಾಳಕ್ಕೆ ಬಂದಾಗ 'ಕ್ಕೆ' ಆಗುತ್ತದೆ. ಈ ನಿಯಮವನ್ನು ಅರಿಯದ ಅಚ್ಚುವಾಕ್ಯ 'ಬಂಟ್ವಾಳ ಗೆ' ಎಂದು ಮುದ್ರಿಸುತ್ತದೆ. ಪರಿಹಾರ ಕಷ್ಟವಲ್ಲ: ಪ್ರತ್ಯಯಸಹಿತ ರೂಪಗಳನ್ನು ಮೊದಲೇ ಸಂಗ್ರಹಿಸಿಡಬಹುದು, ಇಲ್ಲವೇ 'ಸ್ಥಳ: ಬಂಟ್ವಾಳ' ಎಂದು ವಾಕ್ಯವನ್ನೇ ತಪ್ಪಿಸಬಹುದು.

ಮೂರನೆಯದು ವಿಧ್ಯರ್ಥ. 'ಉಳಿಸು' ಎಂಬುದು ಬಳಕೆದಾರ ಯಂತ್ರಕ್ಕೆ ಕೊಡುವ ಆಜ್ಞೆ; 'ಉಳಿಸಿ' ಎಂಬುದು ಯಂತ್ರ ಬಳಕೆದಾರನಲ್ಲಿ ಮಾಡುವ ವಿನಂತಿ. ಎರಡಕ್ಕೂ ಸಮರ್ಥನೆಯಿದೆ. ಆದರೆ ಒಂದೇ ಪರದೆಯಲ್ಲಿ 'ಸಲ್ಲಿಸಿ'ಯ ಪಕ್ಕ 'ರದ್ದುಮಾಡು' ಇದ್ದರೆ ಮಾತನಾಡುತ್ತಿರುವವರು ಯಾರೆಂಬುದೇ ಅಸ್ಪಷ್ಟ. ತುಳುವಿನಲ್ಲಿಯೂ 'ಬಲ' ಮತ್ತು 'ಬಲೆ'ಗಳ ನಡುವೆ ಗೌರವದ ಭೇದವಿರುವುದರಿಂದ ಈ ಏರುಪೇರು ತುಳುವರ ಕಿವಿಗೂ ತಟ್ಟುತ್ತದೆ. ಇದಕ್ಕಿಂತ ಗಂಭೀರವಾದುದು, 'ರದ್ದು' ಎಂಬ ಪದ ಈ ಹೆಜ್ಜೆಗೆ ಮಾತ್ರ ಅನ್ವಯಿಸುತ್ತದೆಯೋ ಇಡೀ ಅರ್ಜಿಗೋ ಎಂಬ ಭಯ. 'ಹಿಂದಕ್ಕೆ ಹೋಗಿ' ಎಂದಿದ್ದರೆ ಆ ಭಯವಿರದು.

ತುಳುವನ್ನೇ ಒದಗಿಸಿದರೆ ಸಮಸ್ಯೆ ತೀರುವುದಿಲ್ಲವೇ? 2024ರಲ್ಲಿ ಯೂನಿಕೋಡ್ 16.0 ತುಳು-ತಿಗಳಾರಿ ಲಿಪಿಯನ್ನು ಸೇರಿಸಿತು. ಅದೇ ವರ್ಷ ಗೂಗಲ್ ಟ್ರಾನ್ಸ್‌ಲೇಟ್ ತುಳುವಿಗೆ ಸ್ಥಾನ ನೀಡಿತು. ಇವು ಸ್ವಾಗತಾರ್ಹ. ಆದರೆ ದಿನಬಳಕೆಯ ತುಳು ಬರಹ ಹೆಚ್ಚಾಗಿ ಕನ್ನಡ ಲಿಪಿಯಲ್ಲಿದೆ. 'ಯಾನ್ ಬತ್ತೆ', 'ಆಯೆ ಬತ್ತೆ' ಎಂಬಲ್ಲಿ ಕೊನೆಯ ಸ್ವರಗಳು ಬೇರೆಯಾಗಿದ್ದರೂ ಕನ್ನಡದ ಎತ್ವ ಒಂದೇ. ಭಾಷಾಸಂಕೇತವನ್ನು ಕನ್ನಡವೆಂದೇ ಕೊಟ್ಟರೆ ಪರದೆಯೋದುಗ ತಂತ್ರಾಂಶ ಅದನ್ನು ಕನ್ನಡದ ಉಚ್ಚಾರಣೆಯಲ್ಲೇ ಓದುತ್ತದೆ. ಲಿಪಿ ದೊರೆತ ಮಾತ್ರಕ್ಕೆ ಭಾಷೆ ಒಳಗೊಂಡಂತಾಗುವುದಿಲ್ಲ.

ಇದು ಶೈಲಿಯ ತಕರಾರು ಮಾತ್ರವಲ್ಲ. ಪರದೆಯ ಮಾತು ತಿಳಿಯದವನು ಸೈಬರ್ ಸೆಂಟರಿನಲ್ಲಿ ಮೊಬೈಲನ್ನೂ ಅದಕ್ಕೆ ಬಂದ ಒಟಿಪಿಯನ್ನೂ ಪರರ ಕೈಗೆ ಒಪ್ಪಿಸುತ್ತಾನೆ. ಸಮ್ಮತಿಯ ಚೌಕದಲ್ಲಿ ಗುರುತು ಹಾಕುವವನು ಒಬ್ಬ, ಅದರ ಫಲ ಉಣ್ಣುವವನು ಇನ್ನೊಬ್ಬ. ಆದ್ದರಿಂದ ಸುಗಮತೆಯ ಪರೀಕ್ಷೆಯಲ್ಲಿ ಯಂತ್ರದ ವರದಿಯೊಂದೇ ಸಾಲದು. ಈ ತಾಲೂಕುಗಳ ಕೆಲವರನ್ನು ಕೂರಿಸಿ, ಪರದೆಯ ಮಾತುಗಳನ್ನು ಗಟ್ಟಿಯಾಗಿ ಓದಿಸಿ, ಅದನ್ನೊತ್ತಿದರೆ ಏನಾಗುತ್ತದೆಂದು ಅವರಿಂದಲೇ ಹೇಳಿಸಬೇಕು. ಅವರು ತಡವರಿಸಿದ ಪದವನ್ನು ತಿದ್ದುವುದು ವಿನ್ಯಾಸಕರ ಕೆಲಸ. ತಡವರಿಸಿದ ಕಾರಣವನ್ನು ವಿವರಿಸುವುದು ಭಾಷಾವಿಜ್ಞಾನಿಗಳ ಹೊಣೆ.